ಹಾಲೂರು ಕೆರೆಯ ಕಪ್ಪು ಜಾಗ

1984ರಲ್ಲಿ ನನಗೆ ಇಪ್ಪತ್ನಾಲ್ಕು ವರ್ಷ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿಕೊಂಡು ಬೀರೂರಿನ ಮನೆಯಲ್ಲಿ ಕೂತಿದ್ದೆ. ಅಪ್ಪ ಶಿವಮೂರ್ತಪ್ಪನವರಿಗೆ ಸ್ಟೇಷನ್ ರಸ್ತೆಯಲ್ಲಿ ಕೊಬ್ಬರಿ ಮಂಡಿ. ಅಮ್ಮ ನನಗೆ ಗಂಡು ಹುಡುಕುತ್ತಾ ದಿನಕ್ಕೊಂದು ಜಾತಕ ತರಿಸುತ್ತಿದ್ದಳು. ಅಂಥ ಸಮಯದಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಿಂದ ನನಗೆ ಕಾಗದ ಬಂತು: ಎಂಟು ತಿಂಗಳ ತಾತ್ಕಾಲಿಕ ಕೆಲಸ, ಅಜ್ಜಂಪುರದ ಹತ್ತಿರದ ಹಾಲೂರು ಕೆರೆಯಲ್ಲಿ ಬೆಳೆದಿರುವ ಕಳೆಯನ್ನು ಅಳೆದು ಬರೆಯಬೇಕು. ಅಮ್ಮ ಬೇಡ ಅಂದಳು. ಅಪ್ಪ ಕಾಗದವನ್ನು ಎರಡು ಸಲ ಓದಿ, "ರೈಲಿನಲ್ಲಿ ಹೋಗಿ ಸಂಜೆ ರೈಲಿಗೆ ಬರೋ ಹಾಗಿದ್ರೆ ಹೋಗ್ಲಿ ಬಿಡು" ಅಂದರು.

ಕೆರೆ ಅಜ್ಜಂಪುರ ಸ್ಟೇಷನ್ನಿನಿಂದ ಮೂರು ಮೈಲಿ. ಮೊದಲ ದಿನ ನನ್ನ ಜೊತೆ ಬಂದವರು ಆ ಕೆಲಸದ ಮುಖ್ಯಸ್ಥರು, ಷಣ್ಮುಖಪ್ಪ ಅಂತ. ಐವತ್ತರ ಹತ್ತಿರದ, ಮೆಲ್ಲಗೆ ಮಾತಾಡುವ ವಿಜ್ಞಾನಿ. ಏರಿ ಹತ್ತಿ ನಿಂತಾಗ ನನಗೆ ಕೆರೆಯೇ ಕಾಣಲಿಲ್ಲ. ಒಂದು ದೊಡ್ಡ ಹಸಿರು ಹೊಲ ಕಾಣಿಸಿತು, ಅದರ ತುಂಬ ನೀಲಿ ಹೂವು. ಊರಿನವರು ಅದನ್ನು ಅಂತರಗಂಗೆ ಅನ್ನುತ್ತಿದ್ದರು. ಎಲ್ಲಿಂದಲೋ ಬಂದ ಗಿಡ, ಏಳೆಂಟು ವರ್ಷದಲ್ಲಿ ಕೆರೆಯನ್ನು ನುಂಗಿತ್ತು. ಅಂಚಿನಲ್ಲಿ ತೂಬಿನ ಹತ್ತಿರ ಮಾತ್ರ ಒಂದಿಷ್ಟು ನೀರು ಉಳಿದಿತ್ತು. ಅಲ್ಲಿ ಒಂದು ಹರಿಗೋಲು ಮಗುಚಿ ಹಾಕಿತ್ತು. ಅದರ ಪಕ್ಕ ಒಬ್ಬ ಹೆಂಗಸು ಚಾಪೆ ನೇಯಲು ಜೊಂಡು ಕೊಯ್ದು ಕಟ್ಟುತ್ತಾ ಕೂತಿದ್ದಳು. ಅವಳೇ ಅಂಜಿನಮ್ಮ. ವಯಸ್ಸು ಮೂವತ್ತರ ಮೇಲೆ. ಬೆಸ್ತರವಳು. ಕೆರೆ ಮುಚ್ಚಿದ ಮೇಲೆ ಮಿಕ್ಕ ಬೆಸ್ತರ ಮನೆಗಳೆಲ್ಲ ಬೇರೆ ಕಡೆ ಹೋಗಿ, ಊರಲ್ಲಿ ಉಳಿದದ್ದು ಇವಳೊಬ್ಬಳದೇ ಹರಿಗೋಲು.

"ಒಳಗೆ ಕರ್ಕೊಂಡ್ ಹೋಗ್ತೀಯೇನಮ್ಮ?" ಅಂತ ಷಣ್ಮುಖಪ್ಪನವರು ಕೇಳಿದರು.

"ಎಷ್ಟು ದೂರಕ್ಕೆ ಹೋಗಾಕಾಯ್ತದೋ ಅಷ್ಟು ದೂರ. ಸೊಪ್ಪು ದಾರಿ ಬಿಡಬೇಕಲ್ಲ ಸ್ವಾಮಿ" ಅಂದಳು.

ಏರಿಯ ಕಲ್ಲಿನ ಮೇಲೆ ಷಣ್ಮುಖಪ್ಪನವರು ಒಂದು ಉದ್ದನೆಯ ಕಪ್ಪು ಬಿಳುಪು ಚಿತ್ರ ಬಿಚ್ಚಿದರು. ಅಮೆರಿಕದವರ ಆಕಾಶನೌಕೆ ಮೂರು ವರ್ಷದ ಹಿಂದೆ ತೆಗೆದದ್ದು. ಕ್ಯಾಮೆರಾದಲ್ಲಲ್ಲ, ರಾಡಾರ್‌ನಲ್ಲಿ. ಮೋಡ ಇದ್ದರೂ ಅದಕ್ಕೆ ಅಡ್ಡಿ ಇಲ್ಲ. ಈ ಅಕ್ಟೋಬರ್‌ನಲ್ಲಿ ಇನ್ನೊಂದು ನೌಕೆ ಹೋಗುತ್ತದೆ, ಅದೂ ಇದೇ ಕೆರೆಯ ಮೇಲೆ ಹಾದು ಚಿತ್ರ ತೆಗೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಳೆ ಎಷ್ಟು ಹಬ್ಬಿದೆ ಅಂತ ಗೊತ್ತಾಗುತ್ತದೆ. ಚಿತ್ರ ಹೇಳುವುದು ನಿಜವೋ ಅಲ್ಲವೋ ಅಂತ ನೆಲದ ಮೇಲೆ ನಿಂತು ಪರೀಕ್ಷೆ ಮಾಡುವವರು ಬೇಕು. ಅದು ನನ್ನ ಕೆಲಸ. ಇದನ್ನೆಲ್ಲ ಅವರು ನನಗೆ ವಿವರಿಸುತ್ತಿದ್ದಾಗ ಅಂಜಿನಮ್ಮ ಜೊಂಡಿನ ಕಟ್ಟು ಕೆಳಗಿಟ್ಟು ಹತ್ತಿರ ಬಂದಳು.

"ಅದು ಹೆಂಗೆ ನೋಡ್ತದೆ ಸ್ವಾಮಿ?"

"ನೋಡಲ್ಲಮ್ಮ, ಕೂಗುತ್ತೆ. ಕೂಗಿ, ವಾಪಸ್ ಏನು ಬರುತ್ತೆ ಅಂತ ಕೇಳುತ್ತೆ."

"ಗುಡ್ಡಕ್ಕೆ ಕೂಗಿದ್ರೆ ಮರುದನಿ ಬತ್ತದಲ್ಲ, ಹಂಗೆ?"

"ಹಂಗೇ. ಎಲೆಗೆ ತಾಗಿದ್ರೆ ವಾಪಸ್ ಬರುತ್ತೆ, ಆ ಜಾಗ ಬಿಳಿ. ನುಣ್ಣಗಿರೋ ನೀರಿಗೆ ತಾಗಿದ್ರೆ ಜಾರಿ ಆಚೆ ಹೋಗುತ್ತೆ, ವಾಪಸ್ ಬರಲ್ಲ. ಆ ಜಾಗ ಕಪ್ಪು."

ಚಿತ್ರದಲ್ಲಿ ಹಾಲೂರು ಕೆರೆ ಹುಣಸೆಬೀಜದಷ್ಟು ದೊಡ್ಡದಿತ್ತು. ಅರ್ಧದಷ್ಟು ಕಪ್ಪು. ಅವಳು ಬೆರಳು ತಾಗಿಸದೆ, ಮೇಲಿಂದಲೇ ಅದರ ಅಂಚು ಗುರುತಿಸಿದಳು: ಇದು ಏರಿ, ಇದು ಕೋಡಿ, ಇದು ಹಳ್ಳ ಬಂದು ಸೇರೋ ಜಾಗ. ನಾನು ನಕ್ಷೆ ಇಟ್ಟುಕೊಂಡೂ ಅಷ್ಟು ಬೇಗ ಗುರುತಿಸಿರಲಿಲ್ಲ.

"ಯಾವಾಗ ತೆಗೆದಿದ್ದು?"

"ಎಂಬತ್ತೊಂದರ ನವೆಂಬರ್. ದೀಪಾವಳಿ ಆದ ಮೇಲೆ."

ಅವಳು ನನ್ನ ಕಡೆ ತಿರುಗಿ, ಅವರಿಗೆ ಕೇಳಿಸದ ಹಾಗೆ ಅಂದಳು. "ಆವಾಗ ನಮ್ಮನೆಯೋರು ದಿನಾ ನೀರಿನ ಮ್ಯಾಲೇ ಇರ್ತಿದ್ರು. ಇದ್ರಲ್ಲಿ ಕಾಣ್ತಾರಾ ಕೇಳಿ."

ಕಪ್ಪಿನ ನಡುವೆ ಒಂದೆರಡು ಬಿಳಿ ಚುಕ್ಕೆ ಇದ್ದವು. ಅವಳು ಅವನ್ನೇ ನೋಡುತ್ತಿದ್ದಳು. ನಾನು ಷಣ್ಮುಖಪ್ಪನವರನ್ನು ಕೇಳಿದೆ. ಅವರು ಕನ್ನಡಕ ತೆಗೆದು, "ಇಲ್ಲಮ್ಮ. ಇಷ್ಟು ಎತ್ತರದಿಂದ ಹರಿಗೋಲು ಕಾಣಲ್ಲ. ಆ ಚುಕ್ಕೆ ಎಲ್ಲ ಚಿತ್ರದಲ್ಲೂ ಇರ್ತವೆ, ಉಪ್ಪು ಚೆಲ್ಲಿದ ಹಾಗೆ. ಅದಕ್ಕೆ ಅರ್ಥ ಇಲ್ಲ" ಅಂದರು. ಅಂಜಿನಮ್ಮ ತಲೆಯಾಡಿಸಿದಳು. ಆದರೂ ಚಿತ್ರ ಸುತ್ತುವವರೆಗೆ ಕಣ್ಣು ತೆಗೆಯಲಿಲ್ಲ.

ಆಮೇಲಿನ ಎರಡು ತಿಂಗಳು ನಾನೂ ಅವಳೂ ವಾರಕ್ಕೆ ಮೂರು ದಿನ ಕೆರೆಯೊಳಗೆ. ಅವಳು ಮುಂದೆ ಕೂತು ಕುಡುಗೋಲಿನಿಂದ ಬೇರು ಕೊಯ್ಯುತ್ತಾ ಹುಟ್ಟು ಹಾಕುತ್ತಿದ್ದಳು, ನಾನು ಅಡಿಪಟ್ಟಿ ಹಿಡಿದು ಎಲೆ ಅಳೆಯುತ್ತಿದ್ದೆ. ಅಂತರಗಂಗೆ ಕೆಲವು ಕಡೆ ಎರಡೂವರೆ ಅಡಿ ಎದ್ದಿತ್ತು. ಅದರ ಸಂದಿಯಲ್ಲಿ ಅಲ್ಲಲ್ಲಿ ಇನ್ನೊಂದು ಸೊಪ್ಪು, ನೀರಿಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡುವಂಥದ್ದು. ಎಲೆ ಇಲಿಯ ಕಿವಿಯ ಹಾಗಿದ್ದದ್ದರಿಂದ ಅವಳು ಅದಕ್ಕೆ ಇಲಿಕಿವಿ ಅನ್ನುತ್ತಿದ್ದಳು. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಹರಿಗೋಲಿನ ಮೀನಿನ ವಾಸನೆ ಸೀರೆಗೆ ಹತ್ತಿ, ಸಂಜೆ ಬೀರೂರಿಗೆ ಬಂದರೆ ಅಮ್ಮ ಹಿತ್ತಿಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಅದನ್ನು ಹೇಳಿದಾಗ ಅಂಜಿನಮ್ಮ ನಕ್ಕಳು. "ಮೀನು ಹಿಡ್ದು ಮೂರು ವರ್ಸ ಆಯ್ತು ಕಣವ್ವ, ಇನ್ನೂ ವಾಸ್ನೆ ಐತಂತಾ?" ಅಂದು ಹರಿಗೋಲಿನ ಅಂಚನ್ನು ಮೂಸಿ ನೋಡಿದಳು. ಅವಳಿಗೆ ಸಂತೋಷವೇ ಆದ ಹಾಗಿತ್ತು.

ಅವಳ ಕತೆ ನನಗೆ ತುಂಡು ತುಂಡಾಗಿ ಗೊತ್ತಾಯಿತು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ರಂಗಪ್ಪನನ್ನು ಮನೆ ಅಳಿಯನಾಗಿ ತಂದುಕೊಂಡ. ಅಪ್ಪ ಸತ್ತ ಮೇಲೆ ಇವರಿಬ್ಬರೂ ಕೂಡಿ ಬಲೆ ಬಿಡುತ್ತಿದ್ದರು. ಕೆರೆ ಮುಚ್ಚುತ್ತಾ ಬಂತು. ಎಂಬತ್ತೆರಡರ ಯುಗಾದಿ ಹೊತ್ತಿಗೆ ಬಲೆ ಬಿಡಲು ಜಾಗವೇ ಉಳಿಯಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವಳ ತಾಯಿ, "ಕೆಲಸ ಇಲ್ದೋನು ತಟ್ಟೆ ಮುಂದೆ ಮಾತ್ರ ಮೊದ್ಲು" ಅಂತ ಒಂದು ಮಾತು ಆಡಿಬಿಟ್ಟಳು. ರಂಗಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದ. ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಗುಂಪು ಸೇರಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಕೆರೇಲಿ ನೀರು ಬಿಟ್ಕೊಂಡಾಗ ಬತ್ತೀನಿ" ಅಂದ. ಆರು ತಿಂಗಳಿಗೆ ತಾಯಿಗೆ ಲಕ್ವ ಹೊಡೆಯಿತು. ಅವಳನ್ನು ಬಿಟ್ಟು ಅಂಜಿನಮ್ಮ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಆಗಾಗ ಯಾರ ಕೈಲಾದರೂ ಒಂದು ಸೀರೆ, ಒಂದಿಷ್ಟು ಒಣಮೀನು ಬರುತ್ತಿತ್ತು. ಮನುಷ್ಯ ಬರುತ್ತಿರಲಿಲ್ಲ.

"ನೀವು ಹೇಳಿ ಕಳಿಸಬಹುದಿತ್ತಲ್ಲ, ಬಾ ಅಂತ" ಅಂದೆ ಒಮ್ಮೆ.

"ಏನಂತ ಹೇಳ್ಕಳಿಸ್ಲಿ? ನೀರಿಲ್ವಲ್ಲ" ಅಂದಳು.

ದಿನಾ ಬೆಳಿಗ್ಗೆ ಏರಿ ಮೇಲೆ ಬಂದು ನಿಲ್ಲುತ್ತಿದ್ದಳು. ಅಂತರಗಂಗೆ ಗಾಳಿಗೆ ಒಂದು ದಡದಿಂದ ಇನ್ನೊಂದು ದಡಕ್ಕೆ ಸರಿಯುತ್ತದೆ, ನಡುವೆ ಎಲ್ಲಾದರೂ ಬಾಯಿ ಬಿಟ್ಟಿರಬಹುದು ಅಂತ. ಏರಿಯಿಂದ ನೋಡಿದರೆ ನಡುಗೆರೆ ಕಾಣುತ್ತಿರಲಿಲ್ಲ, ಎದ್ದ ಎಲೆ ಮರೆ ಮಾಡುತ್ತಿತ್ತು. ಅಲ್ಲಿಯವರೆಗೆ ಹೋಗಲು ನಾವು ಮೂರು ಸಲ ಪ್ರಯತ್ನಪಟ್ಟೆವು, ಆಗಲಿಲ್ಲ.

ಅಕ್ಟೋಬರ್‌ನಲ್ಲಿ ನೌಕೆ ಹಾದುಹೋಗುವ ದಿನ, ಹೊತ್ತು ತಿಳಿಸಿ ಬೆಂಗಳೂರಿನಿಂದ ತಂತಿ ಬಂತು. ಆ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ನಾವಿಬ್ಬರೂ ಹರಿಗೋಲಿನಲ್ಲಿ ಇದ್ದೆವು. ಮೇಲೆ ದಟ್ಟ ಮೋಡ. ಗಾಳಿ ಇಲ್ಲ. ಹೇಳಿದ ಹೊತ್ತಿಗೆ ನಾನು ಪುಸ್ತಕದಲ್ಲಿ ಬರೆದೆ: ನೀರು ಅಲುಗಾಡುತ್ತಿಲ್ಲ, ಎಲೆ ಒದ್ದೆ, ಎತ್ತರ ಇಷ್ಟು. ಅಂಜಿನಮ್ಮ ಹುಟ್ಟು ಮಡಿಲಲ್ಲಿಟ್ಟುಕೊಂಡು ಮೋಡದ ಕಡೆ ಮುಖ ಮಾಡಿ ಕೂತಿದ್ದಳು. ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. "ಹೋಯ್ತಾ?" ಅಂದಳು. "ಹೋಯ್ತು" ಅಂದೆ. "ನಮ್ಮನ್ನ ದಾಟಿ ಅದು ಲಕ್ಕವಳ್ಳಿ ಮ್ಯಾಲೂ ಹೋಗಿರ್ತದಾ?" ಅಂತ ಕೇಳಿದಳು. ಹೋಗಿರಬಹುದು ಅಂದೆ. ಅವಳು ಹರಿಗೋಲನ್ನು ದಡದ ಕಡೆ ತಿರುಗಿಸಿದಳು.

ಚಿತ್ರ ಬರಲು ನಾಲ್ಕು ತಿಂಗಳು ಹಿಡಿಯಿತು. ಫೆಬ್ರವರಿ ನಡುವೆ ಬೀರೂರಿನ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಎರಡು ಪ್ರತಿ ಬಂದವು, ಜೊತೆಗೆ ಷಣ್ಮುಖಪ್ಪನವರ ಕಾಗದ. ಹಾಲೂರು ಕೆರೆ ಈಗ ಹೆಚ್ಚುಕಮ್ಮಿ ಪೂರ್ತಿ ಬಿಳಿಯಾಗಿತ್ತು. ಆದರೆ ನಡುವೆ, ನಾವು ಹೋಗಲಾಗದ ಜಾಗದಲ್ಲೇ, ಒಂದು ಕಪ್ಪು ಜಾಗ. ಲೆಕ್ಕ ಹಾಕಿದರೆ ಹತ್ತು ಎಕರೆಯಾದರೂ ಆದೀತು. ಕಾಗದದಲ್ಲಿ ಅವರು ಬರೆದಿದ್ದರು: "ಕಪ್ಪು ಇದ್ದ ಮಾತ್ರಕ್ಕೆ ನೀರು ಎಂದು ಬರೆಯಬೇಡಿ. ಹೋಗಿ ನೋಡಿ ಬರೆಯಿರಿ."

ನಾನು ಆ ಸಾಲು ಓದಿದ್ದೆ. ಮರೆತಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಮರುದಿನ ಅಂಜಿನಮ್ಮನ ಮುಂದೆ ಚಿತ್ರ ಬಿಚ್ಚಿದಾಗ, ಅವಳು ಆ ಕಪ್ಪನ್ನು ಕಂಡು ಉಸಿರು ಹಿಡಿದುಕೊಂಡು "ಇದು ನೀರಾ?" ಅಂತ ಕೇಳಿದಾಗ, ನನ್ನ ಬಾಯಲ್ಲಿ ಬಂದದ್ದು "ಹೌದು, ನೀರು" ಅಂತಲೇ. ಅವಳ ಮುಖ ನೋಡಿ ಇನ್ನೇನೂ ಹೇಳಲಾಗಲಿಲ್ಲ. ನನಗೂ ಅದು ನೀರೇ ಆಗಿರಬೇಕು ಅನ್ನಿಸಿತ್ತು.

"ಹೋಗಿ ನೋಡ್ಬೇಕು. ನಾಳೆ ಆಗುತ್ತಾ?" ಅಂದೆ.

"ಬುಡಕ್ಕೆ ಟಾರು ಬಳೀಬೇಕು, ಸೋರ್ತೈತೆ. ನಾಕು ದಿನ ಬಿಟ್ಟು ಬನ್ನಿ. ಈ ಪಟ ಒಂದು ನನ್ ತಾವ ಇರ್ಲಾ?"

ಒಂದು ಪ್ರತಿ ಕೊಟ್ಟು ಬಂದೆ.

ನಾಲ್ಕನೆಯ ದಿನ ಹೋದಾಗ ಏರಿ ಮೇಲೆ ಒಬ್ಬ ಗಂಡಸು ಹರಿಗೋಲಿನ ಬುಡ ತಟ್ಟಿ ನೋಡುತ್ತಿದ್ದ. ತೆಳ್ಳಗೆ, ಕಪ್ಪಗೆ, ಹೊಸದಾಗಿ ಕ್ಷೌರ ಮಾಡಿಸಿಕೊಂಡ ಮುಖ. ಪಕ್ಕದಲ್ಲಿ ಮಡಿಸಿದ ಬಲೆ. ಅಂಜಿನಮ್ಮ ದೂರದಿಂದಲೇ ನನ್ನನ್ನು ನೋಡಿ ಎದ್ದು ಬಂದಳು. ಹಣೆಗೆ ಅಗಲವಾಗಿ ಕುಂಕುಮ ಇಟ್ಟಿದ್ದಳು. "ಬಂದವ್ರೆ" ಅಂದಳು, ಅಷ್ಟೇ.

ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ತರೀಕೆರೆಗೆ ಒಂದು ಬಸ್ಸು, ಅಲ್ಲಿಂದ ಲಕ್ಕವಳ್ಳಿಗೆ ಇನ್ನೊಂದು ಬಸ್ಸು ಹತ್ತಿ, ಹಿನ್ನೀರಿನ ದಡದಲ್ಲಿ ಎರಡು ಗುಂಪು ಕೇಳಿ, ಮೂರನೆಯದರಲ್ಲಿ ಅವನನ್ನು ಕಂಡು ಚಿತ್ರ ತೋರಿಸಿದ್ದಳು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೂವರೂ ಹರಿಗೋಲಿಗೆ ಹತ್ತಿದೆವು.

ಅವರಿಬ್ಬರೂ ಒಟ್ಟಿಗೆ ಹುಟ್ಟು ಹಾಕುವುದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬರಿಗೊಬ್ಬರು ಏನೂ ಹೇಳುತ್ತಿರಲಿಲ್ಲ. ಅವನು ಕೊಯ್ದರೆ ಅವಳು ತಳ್ಳುತ್ತಿದ್ದಳು, ಅವಳು ನಿಲ್ಲಿಸಿದರೆ ಅವನು ಬೇರು ಬಿಡಿಸುತ್ತಿದ್ದ. ಅವಳೊಬ್ಬಳೇ ಮೂರು ಸಲ ಸೋತ ದಾರಿಯನ್ನು ಇಬ್ಬರೂ ಸೇರಿ ನಡುಮಧ್ಯಾಹ್ನದ ಹೊತ್ತಿಗೆ ಸೀಳಿದರು. ಕೊನೆಯ ಅಂತರಗಂಗೆಯ ಗೋಡೆಯನ್ನು ರಂಗಪ್ಪ ಎರಡೂ ಕೈಯಿಂದ ಬಗೆದ. ಹರಿಗೋಲಿನ ಅಂಚು ಆಚೆ ಬಂತು.

ಅಲ್ಲಿ ನೀರಿರಲಿಲ್ಲ. ಇಲಿಕಿವಿ ಇತ್ತು. ಅಷ್ಟಗಲಕ್ಕೂ ಒಂದೇ ಸಮನೆ, ಚಾಪೆ ಹಾಸಿದ ಹಾಗೆ, ಒಂದೆಲೆ ಮೇಲೆ ಇನ್ನೊಂದೆಲೆ ಎದ್ದಿರಲಿಲ್ಲ. ಅಷ್ಟು ಚಪ್ಪಟೆಯಾದ ಸೊಪ್ಪಿಗೆ ತಾಗಿದ ಕೂಗು ಕೂಡ ನೀರಿಗೆ ತಾಗಿದ ಹಾಗೇ ಜಾರಿ ಹೋಗಿದೆ ಅನ್ನುವುದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ನನ್ನ ಪುಸ್ತಕದಲ್ಲಿ ಅದರ ಹೆಸರಿತ್ತು, ದಪ್ಪವಿತ್ತು, ಎಲ್ಲವೂ ಇತ್ತು.

ಅಂಜಿನಮ್ಮ ಅವನ ಮುಖ ನೋಡಲಿಲ್ಲ. ಕೈ ಚಾಚಿ ಇಲಿಕಿವಿಯನ್ನು ಪಕ್ಕಕ್ಕೆ ಸರಿಸಿದಳು. ಬೊಗಸೆಯಷ್ಟು ನೀರು ಕಾಣಿಸಿತು. ಕೈ ತೆಗೆದಳು, ಮುಚ್ಚಿಕೊಂಡಿತು.

"ತಪ್ಪು ನಂದು" ಅಂದೆ. "ಹೋಗಿ ನೋಡದೆ ಹೇಳಬೇಡ ಅಂತ ನನಗೆ ಬರೆದಿದ್ರು. ನಾನು ನೀರು ಅಂದುಬಿಟ್ಟೆ. ಇವರದ್ದೇನೂ ಇಲ್ಲ."

ರಂಗಪ್ಪ ಹುಟ್ಟನ್ನು ಅಡ್ಡ ಇಟ್ಟು ಕೂತ. ಬೀಡಿ ತೆಗೆದ, ಹಚ್ಚಲಿಲ್ಲ. "ನಂಗೆ ಅಲ್ಲೇ ಗೊತ್ತಿತ್ತು ಮೇಡಂ. ಅಂತರಗಂಗೆ ಹಿಡಿದ ನೀರು ತಾನಾಗೇ ಬಿಟ್ಕೊಡಲ್ಲ. ಪಟದಲ್ಲಿ ಏನಾನ ಇರ್ಲಿ."

"ಗೊತ್ತಿದ್ದೂ ಯಾಕೆ ಬಂದ್ರಿ?" ಅಂತ ಕೇಳಿದೆ.

ಅವನು ಉತ್ತರ ಹೇಳಿದ್ದು ನನಗಲ್ಲ, ಅವಳಿಗೆ. "ನೀನು ಬಂದು ಕರ್ದೆ. ಮೂರು ವರ್ಸದಾಗೆ ಒಂದ್ ಕಿತ ಕರ್ದಿದ್ಯಾ? ನಾನು ನೀರು ಅಂತ ಏನೋ ಸಿಟ್ಟಲ್ಲಿ ಅಂದೆ. ನೀನೂ ಅದ್ನೇ ಹಿಡ್ಕೊಂಡು ಕೂತ್ಕಂಡೆ."

"ನೀವೇ ಬರಬೋದಿತ್ತು" ಅಂದಳು ಅಂಜಿನಮ್ಮ.

"ಬರಬೋದಿತ್ತು" ಅಂದ ರಂಗಪ್ಪ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಪುಸ್ತಕ ತೆಗೆದು ಅಳತೆ ಬರೆಯಲು ಶುರುಮಾಡಿದೆ, ನೋಡಲು ಬೇರೆ ಕಡೆ ಬೇಕಿತ್ತು ಅದಕ್ಕೆ.

ಅವನು ಎಂಟು ದಿನ ಇದ್ದ. ತಂದ ಬಲೆಯನ್ನು ಸುಮ್ಮನೆ ವಾಪಸ್ ಒಯ್ಯಬಾರದು ಅಂತ ಇಬ್ಬರೂ ಬಲೆಯಿಂದಲೇ ಇಲಿಕಿವಿ ಎಳೆದು ಎಳೆದು ಒಂದು ಕಣದಷ್ಟು ಜಾಗ ಬಯಲು ಮಾಡಿದರು. ನಾಲ್ಕು ಕುಚ್ಚು ಮೀನು, ಒಂದು ದೊಡ್ಡ ಮುರುಗೋಡು ಮೀನು ಸಿಕ್ಕವಂತೆ. ಅತ್ತೆಗೆ ಮುಳ್ಳು ಬಿಡಿಸಿ ತಿನ್ನಿಸಿದವನು ರಂಗಪ್ಪನೇ. ಅವಳಿಗೆ ಮಾತು ಹೊರಡುತ್ತಿರಲಿಲ್ಲ, ಒಂದು ಕಣ್ಣಲ್ಲಿ ನೀರು ಬಂತು ಅಂತ ಅಂಜಿನಮ್ಮ ಹೇಳಿದಳು. ಒಂಬತ್ತನೆಯ ದಿನ ಗಾಳಿ ಎದ್ದು ಬಯಲಾದ ಜಾಗವನ್ನು ಮುಚ್ಚಿತು. ಅವನು ಬಸ್ಸು ಹತ್ತಿದ. ಈ ಸಲ ನೀರಿನ ಮಾತೆತ್ತಲಿಲ್ಲ, "ಯುಗಾದಿಗೆ ಬತ್ತೀನಿ" ಅಂದ. ಬಂದ. ಗೌರಿ ಹಬ್ಬಕ್ಕೆ ಬಂದ, ದೀಪಾವಳಿಗೆ ಬಂದ. ಎರಡು ದಿನ ಇದ್ದು ಹೋಗುತ್ತಿದ್ದ. ಅವನು ಹೋದ ಮೇಲಿನ ಒಂದು ವಾರ ಅವಳು ಚಾಪೆ ನೇಯುತ್ತಿರಲಿಲ್ಲ. ಮೊದಲಿಗಿಂತ ಈಗ ಕಷ್ಟ ಅನ್ನುತ್ತಿದ್ದಳು. "ಮುಂಚೆ ಏನೋ ಮರಗಟ್ಟಿದ್ದೆ ಕಣವ್ವ. ಈಗ ಬಸ್ಸಿನ ಸದ್ದು ಕೇಳಿದ್ರೆ ಎದ್ದು ನಿಲ್ತೀನಿ."

ನನ್ನ ಕೆಲಸ ಏಪ್ರಿಲ್‌ನಲ್ಲಿ ಮುಗಿದರೂ ನಾನು ಆಗಾಗ ಹಾಲೂರಿಗೆ ಹೋಗಿ ಬರುತ್ತಿದ್ದೆ. ಷಣ್ಮುಖಪ್ಪನವರಿಗೆ ನಡೆದದ್ದನ್ನೆಲ್ಲ ಬರೆದೆ, ನಾನು ಚಿತ್ರ ಕೊಟ್ಟದ್ದು ಸಹ. ಬೈಯುತ್ತಾರೆ ಅಂದುಕೊಂಡಿದ್ದೆ. ಚಪ್ಪಟೆ ಕಳೆಯೂ ನಿಂತ ನೀರೂ ರಾಡಾರ್‌ಗೆ ಒಂದೇ ಥರ ಕಾಣುತ್ತದೆ ಅನ್ನುವುದೇ ಈ ಕೆರೆ ನಮಗೆ ಕಲಿಸಿದ ದೊಡ್ಡ ಸಂಗತಿ, ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಅಂತ ಉತ್ತರ ಬಂತು. ಮತ್ತೆ ಅಂಥ ನೌಕೆ ಯಾವಾಗ ಹೋಗುತ್ತದೆ ಅಂತ ಕೇಳಿ ನಾನು ವರ್ಷಕ್ಕೊಂದು ಕಾಗದ ಬರೆಯುತ್ತಿದ್ದೆ. ಇನ್ನೂ ಇಲ್ಲ, ಕಾಯಬೇಕು ಅನ್ನುತ್ತಿದ್ದರು. ಅಷ್ಟರಲ್ಲಿ ಕಡೂರಿನ ಕಾಲೇಜಿನಲ್ಲಿ ನನಗೆ ಪಾಠದ ಕೆಲಸ ಸಿಕ್ಕಿತು, ಅಲ್ಲೇ ಮೇಷ್ಟರಾಗಿದ್ದ ಬಸವರಾಜಪ್ಪನವರ ಜೊತೆ ಮದುವೆಯೂ ಆಯಿತು.

ಎಂಬತ್ತೇಳರಲ್ಲಿ ಅಂಜಿನಮ್ಮನ ತಾಯಿ ತೀರಿಕೊಂಡಳು. ತಿಥಿ ಮುಗಿಸಿ ಅವಳು ಲಕ್ಕವಳ್ಳಿಗೆ ಹೋದಳು ಅಂತ ಕೇಳಿದೆ. ಮರುವರ್ಷ ಕಾಲೇಜಿನ ಹುಡುಗಿಯರನ್ನು ಡ್ಯಾಮ್ ತೋರಿಸಲು ಕರೆದುಕೊಂಡು ಹೋದಾಗ, ಅವರನ್ನು ಊಟಕ್ಕೆ ಕೂರಿಸಿ, ವಿಚಾರಿಸಿಕೊಂಡು ಹಿನ್ನೀರಿನ ದಡಕ್ಕೆ ಹೋದೆ. ತಗಡಿನ ಸೂರು, ಮುಂದೆ ಒಣಹಾಕಿದ ಬಲೆ. ರಂಗಪ್ಪ ನೀರಿಗೆ ಹೋಗಿದ್ದ. ಅಂಜಿನಮ್ಮ ಮೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ಎರಡೂ ಕೈ ಹಿಡಿದುಕೊಂಡಳು. ಮೀನಿನ ಕೈ ಅಂತ ನೆನಪಾಗಿ ಬಿಟ್ಟುಬಿಟ್ಟಳು. ನಾನೇ ಮತ್ತೆ ಹಿಡಿದುಕೊಂಡೆ.

ಎದುರಿಗೆ ನೀರು. ಆಚೆ ದಡ ಬೆಟ್ಟದ ಬುಡದಲ್ಲಿ ಎಲ್ಲೋ ಒಂದು ಗೆರೆಯಂತೆ ಕಾಣುತ್ತಿತ್ತು. ಒಂದೇ ಒಂದು ಸೊಪ್ಪಿನ ಎಲೆ ಇರಲಿಲ್ಲ.

"ಇಲ್ಲಿ ಚೆನ್ನಾಗಿದೆಯಲ್ಲ" ಅಂದೆ.

"ಚೆನ್ನಾಗೈತೆ. ಅವ್ರು ದಿನಾ ಮನೇಗೆ ಬತ್ತಾರೆ." ಸ್ವಲ್ಪ ತಡೆದು ಅಂದಳು, "ಆದ್ರೆ ಇದ್ರ ಆಳ ನಂಗೆ ಗೊತ್ತಿಲ್ಲ ಕಣವ್ವ. ನಮ್ಮ ಕೆರೇಲಾದ್ರೆ ಎಲ್ಲಿ ಕಲ್ಲು, ಎಲ್ಲಿ ಕೆಸರು, ಎಲ್ಲ ಕಾಲಿಗೆ ಗೊತ್ತಿತ್ತು. ಹೆಂಗೈತೆ ಅದು? ಈಚೆಗೆ ಆ ಕಡೆ ಹೋಗಿದ್ರಾ?"

ನಾನು ಹೋದ ತಿಂಗಳು ಅಜ್ಜಂಪುರಕ್ಕೆ ಹೋದಾಗ ಏರಿ ಮೇಲೆ ನಿಂತು ಬಂದಿದ್ದೆ. ಹಾಗೇ ಇತ್ತು, ಇನ್ನೂ ದಟ್ಟವಾಗಿತ್ತು. ತೂಬಿನ ಹತ್ತಿರದ ನೀರೂ ಮುಚ್ಚಿತ್ತು. ಈ ಸಲ ಕಂಡದ್ದನ್ನೇ ಹೇಳಿದೆ.

ಅವಳು ಹೂಂ ಅಂದಳು. ಹೂವು ಬಿಟ್ಟಿತ್ತಾ ಅಂತ ಕೇಳಿದಳು. ಬಿಟ್ಟಿತ್ತು ಅಂದೆ.

ಹುಡುಗಿಯರ ಬಸ್ಸು ಹೊರಡುವ ಹೊತ್ತಾಗಿತ್ತು. ಅವಳು ರಸ್ತೆಯವರೆಗೆ ಬಂದಳು. ಹಾಲೂರಿನ ಮನೆಯ ಬೀಗದ ಕೈ ಪಕ್ಕದ ಮನೆ ಮೀನಾಕ್ಷಮ್ಮನ ಹತ್ತಿರ ಇದೆ, ಯಾವಾಗಲಾದರೂ ಕೆರೆ ನೋಡಲು ಹೋದರೆ ಅಲ್ಲೇ ಉಳಿದುಕೊಳ್ಳಿ ಅಂತ ಎರಡೆರಡು ಸಲ ಹೇಳಿದಳು. ಆಗಲಿ ಅಂದು ಬಸ್ಸು ಹತ್ತಿದೆ.